ಬೀಗ ಮತ್ತು ಬೀಗದ ಕೈ: ವಿಜ್ಞಾನಿ ಎಮಿಲ್ ಫಿಶರ್ ಅವರ ಜೀವನ



ನಮ್ಮ ಭಿತ್ತಿಪತ್ರಿಕೆಯ ವಿಜ್ಞಾನಿಗಳ ಪರಿಚಯ ಅಂಕಣಕ್ಕೆ ಈ ಸಲ ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಶರ್ ಅವರನ್ನು ಆರಿಸಿಕೊಂಡಿದ್ದೇನೆ. ಅವರು ತೀರಿಕೊಂಡು ನೂರು ವರ್ಷದ ಮೇಲಾಯಿತು. ಆದರೂ ನಾವು ಒಂದು ತುತ್ತು ಉಂಡರೆ ಆ ತುತ್ತು ಹೊಟ್ಟೆಯಲ್ಲಿ ಏನಾಗುತ್ತೆ ಅನ್ನೋದನ್ನು ಹೇಳಬೇಕಾದರೆ ಅವರ ಹೆಸರು ಬಿಟ್ಟು ಹೇಳುವುದಕ್ಕೆ ಆಗುವುದಿಲ್ಲ.

ಬೇಳೆಯಲ್ಲಿ, ಹಾಲಿನಲ್ಲಿ, ಮೊಟ್ಟೆಯಲ್ಲಿ ಪ್ರೋಟೀನು ಇರುತ್ತೆ ಅಂತ ನಾವೆಲ್ಲ ಓದಿದ್ದೇವೆ. ಪ್ರೋಟೀನು ಅಂದರೆ ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಆ ಸರದ ಚಿಕ್ಕ ತುಂಡಿಗೆ ಪೆಪ್ಟೈಡ್ ಅಂತ ಹೆಸರು. ಈ ಹೆಸರು ಇಟ್ಟವರೇ ಫಿಶರ್. ನಮ್ಮ ಹೊಟ್ಟೆಯಲ್ಲಿ, ಕರುಳಿನಲ್ಲಿ ಕೆಲವು ಪ್ರೋಟೀನುಗಳು ಈ ತುಂಡುಗಳನ್ನು ಹಿಡಿದು ಕತ್ತರಿಸುತ್ತವೆ. ಅಂಥ ಕೆಲಸ ಮಾಡುವ ಪ್ರೋಟೀನಿಗೆ ಕಿಣ್ವ ಎನ್ನುತ್ತಾರೆ. ಕಣ್ಣಿಲ್ಲದ, ಕೈಯಿಲ್ಲದ ಒಂದು ಅಣು ತನಗೆ ಬೇಕಾದ ತುಂಡನ್ನೇ ಗುರುತು ಹಿಡಿಯುವುದು ಹೇಗೆ? ಈ ಪ್ರಶ್ನೆಗೆ ಮೊದಲು ಸರಿಯಾದ ದಾರಿ ತೋರಿಸಿದವರೂ ಫಿಶರ್ ಅವರೇ. ಅಣುವನ್ನು ಕಣ್ಣಿಂದ ನೋಡುವ ಉಪಾಯ ಇಲ್ಲದ ಕಾಲದಲ್ಲಿ ಅವರು ಇದನ್ನು ಹೇಳಿದರು. ಅವರು ಹೇಳಿದ್ದು ಎಷ್ಟು ನಿಜ, ಎಷ್ಟು ತಿದ್ದಬೇಕಾಯಿತು ಅನ್ನೋದು ಗೊತ್ತಾಗಲು ಅವರು ಸತ್ತ ಮೇಲೆ ಸುಮಾರು 50 ವರ್ಷ ಬೇಕಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಎಮಿಲ್ ಫಿಶರ್ ಹುಟ್ಟಿದ್ದು 1852ರ ಅಕ್ಟೋಬರ್ 9ರಂದು, ಜರ್ಮನಿಯ ಕೊಲೋನ್ ನಗರದ ಹತ್ತಿರದ ಆಯ್ಸ್‌ಕಿರ್ಕೆನ್ ಎಂಬ ಊರಿನಲ್ಲಿ. ತಂದೆ ಲಾರೆನ್ಸ್ ಫಿಶರ್ ದೊಡ್ಡ ವ್ಯಾಪಾರಿ. ಮನೆಯಲ್ಲಿ ಊಟ ಬಟ್ಟೆಗೆ ಕೊರತೆ ಇರಲಿಲ್ಲ. ಮಗ ತನ್ನ ವ್ಯಾಪಾರ ನೋಡಿಕೊಂಡು ಹೋಗಬೇಕು ಅನ್ನೋದು ತಂದೆಯ ಆಸೆ. ಶಾಲೆ ಮುಗಿದ ಮೇಲೆ ಹುಡುಗನನ್ನು ಭಾವನ ಮರದ ವ್ಯಾಪಾರದಲ್ಲಿ ಕೆಲಸಕ್ಕೆ ಹಾಕಿದರು. ಲೆಕ್ಕದ ಪುಸ್ತಕದ ಮುಂದೆ ಕೂತರೆ ಹುಡುಗನಿಗೆ ಮನಸ್ಸೇ ನಿಲ್ಲುತ್ತಿರಲಿಲ್ಲ. ಕಡೆಗೆ ತಂದೆಗೆ ಬೇಸರ ಬಂದು, ಇವನು ವ್ಯಾಪಾರಕ್ಕೆ ನಾಲಾಯಕ್ಕು, ಓದೋದಕ್ಕೇ ಹೋಗಲಿ ಅಂತ ಬಿಟ್ಟುಬಿಟ್ಟರಂತೆ. ಬುದ್ಧಿ ಸಾಲದು ಅಂತ ಅಂಗಡಿಯಿಂದ ಎಬ್ಬಿಸಿದ ಹುಡುಗ ಮುಂದೆ ನೊಬೆಲ್ ಬಹುಮಾನ ತಂದ!

1871ರಲ್ಲಿ ಅವರು ಬಾನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ರಸಾಯನಶಾಸ್ತ್ರದ ಪ್ರಸಿದ್ಧ ಗುರು ಕೆಕುಲೆ ಪಾಠ ಹೇಳುತ್ತಿದ್ದರು. ಆದರೆ ಫಿಶರ್‌ಗೆ ಮೊದಲು ಇಷ್ಟ ಇದ್ದದ್ದು ಭೌತಶಾಸ್ತ್ರ. ಮರುವರ್ಷ ಆಟೋ ಫಿಶರ್ ಎಂಬ ದಾಯಾದಿ ಸಹೋದರನ ಜೊತೆ ಸ್ಟ್ರಾಸ್‌ಬರ್ಗ್‌ಗೆ ಹೋದರು. ಅಲ್ಲಿ ಅಡಾಲ್ಫ್ ಬೇಯರ್ ಎಂಬ ಗುರುಗಳು ಸಿಕ್ಕಿದರು. ಒಳ್ಳೆಯ ಗುರು ಸಿಕ್ಕಿದರೆ ಶಿಷ್ಯನ ದಾರಿಯೇ ಬದಲಾಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಭೌತಶಾಸ್ತ್ರದ ಆಸೆ ಬಿಟ್ಟು ಫಿಶರ್ ರಸಾಯನಶಾಸ್ತ್ರಕ್ಕೆ ಅಂಟಿಕೊಂಡರು. 1874ರಲ್ಲಿ ಡಾಕ್ಟರ್ ಪದವಿ ಬಂತು. ಆಗ ಅವರಿಗೆ ಇನ್ನೂ 22 ವರ್ಷ.

ಹಳದಿ ಹರಳುಗಳು ಮತ್ತು ವಿಷ

1875ರಲ್ಲಿ ಫಿಶರ್ ಒಂದು ಹೊಸ ದ್ರವವನ್ನು ಕಂಡುಹಿಡಿದರು. ಅದರ ಹೆಸರು ಫಿನೈಲ್ ಹೈಡ್ರಜಿನ್. ಹೆಸರು ನೋಡಿ ಹೆದರಬೇಡಿ. ಅದರ ಉಪಯೋಗ ಹೇಳಿದರೆ ಅರ್ಥವಾಗುತ್ತೆ.

ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿದಾಗ ಕೆಲವು ಸಲ ಹದ ಬರದೆ ಪಾಕ ಪಾಕವಾಗೇ ಉಳಿಯುತ್ತೆ, ಬೆಲ್ಲ ಕಟ್ಟುವುದಿಲ್ಲ. ಪ್ರಯೋಗಶಾಲೆಯಲ್ಲೂ ಸಕ್ಕರೆಗಳ ಕಾಟ ಇದೇ. ಸಕ್ಕರೆ ಅಂದರೆ ನಾವು ಅಂಗಡಿಯಿಂದ ತರುವುದು ಒಂದೇ ಅಲ್ಲ. ದ್ರಾಕ್ಷಿಯ ಸಕ್ಕರೆ, ಹಣ್ಣಿನ ಸಕ್ಕರೆ, ಹಾಲಿನ ಸಕ್ಕರೆ ಹೀಗೆ ಬಹಳ ಇವೆ. ಇವು ಒಂದರ ಜೊತೆ ಒಂದು ಸೇರಿಕೊಂಡರೆ ಬರೀ ಅಂಟು ಪಾಕ. ಬೇರೆ ಮಾಡೋದು ಹೇಗೆ, ಗುರುತು ಹಿಡಿಯೋದು ಹೇಗೆ? ಫಿಶರ್ ತಮ್ಮ ಹೊಸ ದ್ರವವನ್ನು ಹಾಕಿ ಕಾಯಿಸಿದಾಗ ಸಕ್ಕರೆಗಳಿಂದ ಚೆಂದದ ಹಳದಿ ಹರಳುಗಳು ಬಂದವು. ಹರಳು ಕಟ್ಟಿತು ಅಂದರೆ ವಸ್ತುವನ್ನು ಶುದ್ಧ ಮಾಡಬಹುದು, ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು. 1884ರಿಂದ ಸುಮಾರು ಹತ್ತು ವರ್ಷ ಅವರು ಸಕ್ಕರೆಗಳ ಹಿಂದೆ ಬಿದ್ದರು.

ಆದರೆ ಈ ದ್ರವ ವಿಷ. ಅದರ ಆವಿ ಉಸಿರಿಗೆ ಹೋಗುತ್ತಿತ್ತು, ಚರ್ಮಕ್ಕೆ ತಾಗುತ್ತಿತ್ತು. ಆಗಿನವರಿಗೆ ಅದು ಎಷ್ಟು ಕೆಟ್ಟದ್ದು ಅಂತ ಪೂರ್ತಿ ತಿಳಿದಿರಲಿಲ್ಲ. ವರ್ಷಗಟ್ಟಲೆ ಅದರ ಜೊತೆ ಕೆಲಸ ಮಾಡಿ ಫಿಶರ್ ಅವರ ಆರೋಗ್ಯ ಕೆಟ್ಟಿತು. ಆ ತೊಂದರೆ ಅವರನ್ನು ಕಡೆಯವರೆಗೂ ಪೂರ್ತಿ ಬಿಡಲಿಲ್ಲ. ಪ್ರಯೋಗ ಮಾಡುವಾಗ ಮೂಗಿನ ಹತ್ತಿರ ಹಿಡಿಯಬೇಡಿ, ಕೈ ತೊಳೆಯಿರಿ ಅಂತ ನಮ್ಮ ವಿಜ್ಞಾನದ ಮೇಷ್ಟ್ರು ಬೈಯುವುದು ಸುಮ್ಮನೆ ಅಲ್ಲ.

ಈ ಮಧ್ಯೆ ಅವರು 1882ರಲ್ಲಿ ಎರ್ಲಾಂಗೆನ್, 1885ರಲ್ಲಿ ವ್ಯೂರ್ಟ್ಸ್‌ಬರ್ಗ್, 1892ರಲ್ಲಿ ಬರ್ಲಿನ್ ಹೀಗೆ ಒಂದೊಂದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 1888ರಲ್ಲಿ ಆಗ್ನೆಸ್ ಗೆರ್ಲಾಕ್ ಎಂಬುವರನ್ನು ಮದುವೆಯಾದರು. ಮೂರು ಗಂಡು ಮಕ್ಕಳಾದವು. ಆದರೆ 1895ರಲ್ಲಿ, ಮದುವೆಯಾಗಿ ಏಳೇ ವರ್ಷಕ್ಕೆ ಹೆಂಡತಿ ತೀರಿಕೊಂಡರು. ಚಿಕ್ಕ ಮಕ್ಕಳು, ಕೆಟ್ಟ ಆರೋಗ್ಯ, ತಲೆ ತುಂಬ ಕೆಲಸ. ಅವರು ಕೆಲಸ ಬಿಡಲಿಲ್ಲ.

ಕನ್ನಡಿಯ ಪ್ರಶ್ನೆ

ನಮ್ಮ ಎಡಗೈ ಮತ್ತು ಬಲಗೈ ನೋಡಿ. ಎರಡರಲ್ಲೂ ಐದೇ ಬೆರಳು. ಆದರೂ ಬಲಗಾಲಿನ ಚಪ್ಪಲಿ ಎಡಗಾಲಿಗೆ ಹಿಡಿಸುವುದಿಲ್ಲವಲ್ಲ, ಹಾಗೆ ಈ ಕೈ ಆ ಕೈ ಆಗುವುದಿಲ್ಲ. ಸಕ್ಕರೆಯ ಅಣುಗಳೂ ಹಾಗೇ. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ, ಆದರೆ ಜೋಡಣೆ ಬೇರೆ. ಗ್ಲೂಕೋಸ್ ತರಹದ ಸಕ್ಕರೆಗೆ ಲೆಕ್ಕದ ಪ್ರಕಾರ 16 ರೂಪಗಳು ಇರಬಹುದು. ಅದರಲ್ಲಿ ಗ್ಲೂಕೋಸಿನ ರೂಪ ಯಾವುದು ಅಂತ ಫಿಶರ್ 1891ರಲ್ಲಿ ತೋರಿಸಿದರು. ಒಂದು ಅಣುವನ್ನೂ ಕಣ್ಣಿಂದ ನೋಡದೆ, ಬರೀ ಪ್ರಯೋಗ ಮತ್ತು ತರ್ಕದಿಂದ!

ಒಂದು ಕಡೆ ಮಾತ್ರ ತರ್ಕ ನಿಂತುಹೋಯಿತು. ಉತ್ತರ ಎರಡು ಉಳಿದವು, ಒಂದು ಇನ್ನೊಂದರ ಕನ್ನಡಿ ಬಿಂಬ. ಯಾವುದು ನಿಜ ಅಂತ ತಿಳಿಯುವ ದಾರಿ ಆಗ ಇರಲಿಲ್ಲ. ಫಿಶರ್ ಒಂದನ್ನು ಆರಿಸಿಕೊಂಡರು, ಇದು ಆಯ್ಕೆ ಮಾತ್ರ ಅಂತ ಒಪ್ಪಿಕೊಂಡೇ ಮುಂದೆ ಹೋದರು. 1951ರಲ್ಲಿ ಹಾಲೆಂಡಿನ ಬೈವೂಟ್ ಎಂಬ ವಿಜ್ಞಾನಿ ಹರಳಿಗೆ ಕ್ಷ-ಕಿರಣ ಹಾಯಿಸಿ ನೋಡಿದಾಗ ಫಿಶರ್ ಆರಿಸಿಕೊಂಡದ್ದೇ ಸರಿ ಅಂತ ತಿಳಿಯಿತು. ನಾಣ್ಯ ಚಿಮ್ಮಿದ ಹಾಗೆ ಆರಿಸಿದ್ದು 60 ವರ್ಷದ ಮೇಲೆ ನಿಜವಾಯಿತು.

ಬೀಗ ಮತ್ತು ಬೀಗದ ಕೈ

ಈಗ ಮುಖ್ಯ ವಿಷಯ. ಫಿಶರ್ ಎರಡು ವಸ್ತು ತೆಗೆದುಕೊಂಡರು. ಎರಡೂ ಗ್ಲೂಕೋಸಿನಿಂದ ಮಾಡಿದವು. ಎಲ್ಲ ಒಂದೇ, ಒಂದು ಜಾಗದ ಜೋಡಣೆ ಮಾತ್ರ ತಿರುಗಾ ಮುರುಗಾ. ಯೀಸ್ಟಿನಿಂದ ತೆಗೆದ ಕಿಣ್ವ ಒಂದನ್ನು ಒಡೆಯಿತು, ಇನ್ನೊಂದನ್ನು ಮುಟ್ಟಲಿಲ್ಲ. ಬಾದಾಮಿಯಿಂದ ತೆಗೆದ ಕಿಣ್ವ ಆ ಇನ್ನೊಂದನ್ನು ಒಡೆಯಿತು, ಮೊದಲನೆಯದನ್ನು ಮುಟ್ಟಲಿಲ್ಲ.

ಇದನ್ನು ನೋಡಿ 1894ರಲ್ಲಿ ಫಿಶರ್ ಒಂದು ಹೋಲಿಕೆ ಕೊಟ್ಟರು. ಕಿಣ್ವ ಒಂದು ಬೀಗ ಇದ್ದ ಹಾಗೆ, ಅದು ಹಿಡಿಯುವ ವಸ್ತು ಬೀಗದ ಕೈ ಇದ್ದ ಹಾಗೆ. ಆಕಾರ ಹೊಂದಿದರೆ ಮಾತ್ರ ಕೆಲಸ ನಡೆಯುತ್ತೆ. ನಮ್ಮ ಮನೆ ಬೀಗದ ಕೈ ಪಕ್ಕದ ಮನೆ ಬೀಗಕ್ಕೆ ಹೋಗುವುದಿಲ್ಲ, ಹಲ್ಲು ಒಂದು ಚೂರು ಬೇರೆ ಇದ್ದರೂ ತಿರುಗುವುದಿಲ್ಲ. ಹಳ್ಳಿಯ ಮಕ್ಕಳಿಗೂ ತಿಳಿಯುವ ಮಾತು. ಆದರೆ ಇದರಿಂದ ಜೀವಶಾಸ್ತ್ರದ ದೊಡ್ಡ ಬಾಗಿಲು ತೆರೆಯಿತು.

ಮಣಿ ಪೋಣಿಸಿದ್ದು

1899ರ ಹೊತ್ತಿಗೆ ಫಿಶರ್ ಸಕ್ಕರೆ ಬಿಟ್ಟು ಪ್ರೋಟೀನಿಗೆ ಕೈ ಹಾಕಿದರು. ಬೀಗದ ಕೈ ಆಯಿತು, ಈಗ ಬೀಗ ಏತರದ್ದು ಅಂತ ತಿಳಿಯಬೇಕಿತ್ತು. 1901ರಲ್ಲಿ ಫ್ರಾನ್ಸಿನ ಫೂರ್ನೋ ಎಂಬುವರ ಜೊತೆ ಸೇರಿ ಗ್ಲೈಸಿನ್ ಎಂಬ ಎರಡು ಅಮೈನೋ ಆಮ್ಲದ ಮಣಿಗಳನ್ನು ಜೋಡಿಸಿದರು. ಅದೇ ವರ್ಷ ಹಾಲಿನ ಪ್ರೋಟೀನಿನಿಂದ ಪ್ರೋಲಿನ್ ಎಂಬ ಅಮೈನೋ ಆಮ್ಲವನ್ನು ಬೇರ್ಪಡಿಸಿದರು. ಪ್ರೋಲಿನ್ ಹೆಸರು ನೆನಪಿಡಿ, ಕೊನೆಯಲ್ಲಿ ಮತ್ತೆ ಬರುತ್ತೆ.

1902ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ಬಾಡ್ ಎಂಬ ಊರಿನಲ್ಲಿ ವಿಜ್ಞಾನಿಗಳ ಸಭೆ ನಡೆಯಿತು. ಅಮೈನೋ ಆಮ್ಲಗಳು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದ ಹಾಗೆ ಸೇರಿ ಪ್ರೋಟೀನು ಆಗುತ್ತೆ ಅಂತ ಫಿಶರ್ ಅಲ್ಲಿ ಹೇಳಿದರು. ವಿಶೇಷ ಏನೆಂದರೆ ಅದೇ ದಿನ, ಅದೇ ಸಭೆಯಲ್ಲಿ ಹಾಫ್‌ಮೈಸ್ಟರ್ ಎಂಬ ಇನ್ನೊಬ್ಬ ವಿಜ್ಞಾನಿ ತಾವೇ ಸ್ವತಂತ್ರವಾಗಿ ಯೋಚಿಸಿ ಅದೇ ಮಾತನ್ನು ಹೇಳಿದರು. ಇಬ್ಬರಿಗೂ ಸಮನಾಗಿ ಗೌರವ ಸಲ್ಲಬೇಕು.

ಅದೇ 1902ರಲ್ಲಿ ಫಿಶರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. ಈ ವಿಷಯದಲ್ಲಿ ಬಂದ ಎರಡನೆಯ ನೊಬೆಲ್ ಅದು. ಬಹುಮಾನ ಕೊಟ್ಟದ್ದು ಸಕ್ಕರೆಗಳ ಕೆಲಸಕ್ಕೆ ಮತ್ತು ಪ್ಯೂರಿನ್ ಎಂಬ ವಸ್ತುಗಳ ಕೆಲಸಕ್ಕೆ. ನಮ್ಮ ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನ್ ಇದೆಯಲ್ಲ, ಅದು ಪ್ಯೂರಿನ್ ಜಾತಿಗೆ ಸೇರಿದ್ದು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದವರು ಫಿಶರ್.

ಬಹುಮಾನ ಬಂತು ಅಂತ ಸುಮ್ಮನೆ ಕೂರಲಿಲ್ಲ. ಎರಡು ಮಣಿ ಮೂರಾಯಿತು, ನಾಲ್ಕಾಯಿತು. 1907ರಲ್ಲಿ 18 ಮಣಿಗಳ ಪೆಪ್ಟೈಡ್ ಮಾಡಿದರು. ಅದರಲ್ಲಿ 15 ಗ್ಲೈಸಿನ್, 3 ಲ್ಯೂಸಿನ್. ಒಂದೊಂದು ಮಣಿ ಸೇರಿಸುವುದೂ ಬಹಳ ದಿನದ ಕೆಲಸ. ಇಂಥ ಪೆಪ್ಟೈಡುಗಳನ್ನು ಜೀರ್ಣರಸದ ಕಿಣ್ವದ ಮುಂದೆ ಇಟ್ಟು ಯಾವುದು ಒಡೆಯುತ್ತೆ, ಯಾವುದು ಒಡೆಯುವುದಿಲ್ಲ ಅಂತ ನೋಡಿದರು. ಇಲ್ಲೂ ಅದೇ ಕಥೆ. ಎಡಗೈ ಬಲಗೈ ಬದಲಾದರೆ ಕಿಣ್ವ ಮುಟ್ಟುತ್ತಿರಲಿಲ್ಲ.

ಗುರುವಾಗಿ, ಮನುಷ್ಯನಾಗಿ

ಬರ್ಲಿನ್ನಿನಲ್ಲಿ 1900ರಲ್ಲಿ ಅವರಿಗೆ ದೊಡ್ಡ ಹೊಸ ಪ್ರಯೋಗಶಾಲೆ ಆಯಿತು. ಬೇರೆ ಬೇರೆ ದೇಶದಿಂದ ವಿದ್ಯಾರ್ಥಿಗಳು ಬಂದರು. ಪೆಪ್ಟೈಡ್ ಮೇಲೆ ಅವರ ಕೈಕೆಳಗೆ ಕೆಲಸ ಮಾಡಿ 1906ರಲ್ಲಿ ಡಾಕ್ಟರ್ ಪದವಿ ಪಡೆದ ಆಟೋ ವಾರ್‌ಬರ್ಗ್ 1931ರಲ್ಲಿ ತಾವೂ ನೊಬೆಲ್ ಪಡೆದರು.

ದೊಡ್ಡವರ ತಪ್ಪನ್ನೂ ಹೇಳಬೇಕು. 1907ರಲ್ಲಿ ಲೀಸ್ ಮೈಟ್ನರ್ ಎಂಬ ಮಹಿಳಾ ವಿಜ್ಞಾನಿ ಅಲ್ಲಿ ಕೆಲಸ ಮಾಡಲು ಬಂದರು. ಫಿಶರ್ ತಮ್ಮ ಪ್ರಯೋಗಶಾಲೆಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ. ಕೂದಲಿಗೆ ಬೆಂಕಿ ತಗಲೀತು ಅನ್ನೋದು ಅವರು ಕೊಡುತ್ತಿದ್ದ ಕಾರಣ! ನೆಲಮಾಳಿಗೆಯ ಹಳೆಯ ಬಡಗಿ ಕೋಣೆಯಲ್ಲಿ ಮಾತ್ರ ಕೆಲಸ ಮಾಡಬೇಕು, ಮೇಲೆ ಬರಬಾರದು ಅಂತ ಷರತ್ತು ಹಾಕಿದರು. 1908ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೆಣ್ಣುಮಕ್ಕಳನ್ನು ಸೇರಿಸುವ ಕಾನೂನು ಬಂದ ಮೇಲೆ ಫಿಶರ್ ಬದಲಾದರು, ಮೈಟ್ನರ್ ಅವರಿಗೆ ಬೆಂಬಲವಾಗಿಯೂ ನಿಂತರು. ನಮ್ಮ ತರಗತಿಯ ಹುಡುಗಿಯರು ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ, ಮುಂದೆ ಇರುವುದನ್ನೂ ಓದಿ.

1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಮೂರು ಮಕ್ಕಳಲ್ಲಿ ಇಬ್ಬರು ಯುದ್ಧದ ವರ್ಷಗಳಲ್ಲಿ ತೀರಿಕೊಂಡರು. ಉಳಿದವರು ಹಿರಿಯ ಮಗ ಹರ್ಮನ್ ಒಬ್ಬರೇ. ಅವರೂ ಮುಂದೆ ಜೀವರಸಾಯನ ವಿಜ್ಞಾನಿಯಾದರು. ಫಿಶರ್ ಅವರಿಗೆ ಕಾಯಿಲೆ ಹೆಚ್ಚಾಯಿತು. 1919ರ ಜುಲೈ 15ರಂದು ಬರ್ಲಿನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 66 ವರ್ಷ. ಅವರು ಹೇಳಿದ ಬೀಗವನ್ನು ಅವರು ಒಮ್ಮೆಯೂ ನೋಡಲಿಲ್ಲ.

ಬೀಗ ಕಣ್ಣಿಗೆ ಬಿದ್ದದ್ದು

ಅಣುವನ್ನು ನೋಡೋದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಬೆಳಕಿನಿಂದ ಅದರ ಆಕಾರ ಕಾಣುವುದಿಲ್ಲ, ಅಷ್ಟು ಸಣ್ಣದು. ಅದಕ್ಕೆ ಕ್ಷ-ಕಿರಣ ಬೇಕು. ಕ್ಷ-ಕಿರಣವನ್ನು ರಾಂಟ್‌ಜನ್ 1895ರಲ್ಲಿ ಕಂಡುಹಿಡಿದದ್ದು ವ್ಯೂರ್ಟ್ಸ್‌ಬರ್ಗ್‌ನಲ್ಲಿ. ಫಿಶರ್ ಮೂರು ವರ್ಷದ ಹಿಂದೆ ಬಿಟ್ಟುಬಂದ ಅದೇ ವಿಶ್ವವಿದ್ಯಾಲಯ!

ಒಂದೇ ಅಣುವಿಗೆ ಕಿರಣ ಹಾಯಿಸಿದರೆ ಏನೂ ತಿಳಿಯುವುದಿಲ್ಲ. ಒಬ್ಬ ಹುಡುಗ ಚಪ್ಪಾಳೆ ತಟ್ಟಿದರೆ ಊರ ಬಾಗಿಲಿಗೆ ಕೇಳಿಸದು. ಪ್ರಾರ್ಥನೆಗೆ ಸಾಲಾಗಿ ನಿಂತ ಇಡೀ ಶಾಲೆ ಒಟ್ಟಿಗೆ ತಟ್ಟಿದರೆ ಕೇಳಿಸುತ್ತೆ. ಹರಳಿನಲ್ಲಿ ಕೋಟ್ಯಂತರ ಅಣುಗಳು ಹೀಗೇ ಸಾಲಾಗಿ, ಒಂದೇ ದಿಕ್ಕಿಗೆ ನಿಂತಿರುತ್ತವೆ. ಹರಳಿನಿಂದ ಚೆದುರಿದ ಕಿರಣ ಫಿಲ್ಮಿನ ಮೇಲೆ ಸಾವಿರಾರು ಚುಕ್ಕಿ ಮೂಡಿಸುತ್ತೆ. ಚುಕ್ಕಿಗಳನ್ನು ಅಳೆದು, ಲೆಕ್ಕ ಮಾಡಿ, ಪರಮಾಣು ಎಲ್ಲೆಲ್ಲಿ ಇದೆ ಅಂತ ನಕ್ಷೆ ಬರೆಯುತ್ತಾರೆ.

ಪ್ರೋಟೀನಿನ ಹರಳಿನಿಂದ ಮೊದಲ ಸಲ ಇಂಥ ಒಳ್ಳೆಯ ಚುಕ್ಕಿ ಚಿತ್ರ ತೆಗೆದದ್ದು 1934ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ. ತೆಗೆದವರು ಬರ್ನಾಲ್ ಮತ್ತು ಡೊರೊಥಿ ಕ್ರೋಫುಟ್ ಎಂಬ ಯುವತಿ. ಆ ಪ್ರೋಟೀನು ಪೆಪ್ಸಿನ್, ನಮ್ಮ ಹೊಟ್ಟೆಯಲ್ಲಿ ಪ್ರೋಟೀನನ್ನು ತುಂಡು ಮಾಡುವ ಕಿಣ್ವ. ಹರಳು ಒಣಗಿದರೆ ಒಳಗಿನ ಸಾಲು ಕೆಡುತ್ತೆ, ಒದ್ದೆಯಾಗೇ ಇಟ್ಟರೆ ಚಿತ್ರ ಬರುತ್ತೆ ಅಂತ ಆಗ ತಿಳಿಯಿತು. ಡೊರೊಥಿ ಮುಂದೆ ಹಾಡ್ಜ್‌ಕಿನ್ ಎಂಬ ಹೆಸರಿನಲ್ಲಿ 1964ರ ನೊಬೆಲ್ ಪಡೆದರು.

ಆದರೆ ಚುಕ್ಕಿಯಿಂದ ನಕ್ಷೆ ಬರೆಯಲು ಇನ್ನೂ ಬಹಳ ವರ್ಷ ಹಿಡಿಯಿತು. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ಅವರ ತಂಡ ಮೊಟ್ಟೆಯ ಬಿಳಿಯಲ್ಲಿರುವ ಲೈಸೋಜೈಮ್ ಎಂಬ ಕಿಣ್ವದ ಪೂರ್ತಿ ಆಕಾರ ಬರೆಯಿತು. ಕಿಣ್ವದ ಮೈಯಲ್ಲಿ ಒಂದು ಬಿರುಕು, ಆ ಬಿರುಕಿನಲ್ಲಿ ಸಕ್ಕರೆಯ ಸರ ಬಂದು ಕೂರುತ್ತಿತ್ತು. ಫಿಶರ್ ಸತ್ತು 46 ವರ್ಷಕ್ಕೆ ಅವರ ಬೀಗ ಕಾಣಿಸಿತು.

ಪೆಪ್ಟೈಡಿನ ಬೀಗ ಕಂಡದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ, ವಿಲಿಯಂ ಲಿಪ್ಸ್‌ಕೋಂಬ್ ಅವರ ತಂಡಕ್ಕೆ. ಅದು ನಡೆದದ್ದು 1967ರ ಸುಮಾರಿಗೆ. ಅವರು ನೋಡಿದ್ದು ದನದ ಮೇದೋಜೀರಕದಿಂದ ತೆಗೆದ ಕಾರ್ಬಾಕ್ಸಿಪೆಪ್ಟಿಡೇಸ್ ಎಂಬ ಕಿಣ್ವ. ಅದರಲ್ಲಿ 307 ಮಣಿಗಳು. ಇದರ ಕೆಲಸ ಪೆಪ್ಟೈಡಿನ ಬಾಲದ ತುದಿಯಿಂದ ಒಂದೊಂದೇ ಮಣಿ ಕತ್ತರಿಸುವುದು. ಇದರ ಹರಳಿಗೆ ಎರಡೇ ಮಣಿಯ ಒಂದು ಪೆಪ್ಟೈಡ್ ಕೊಟ್ಟರು. ಈ ಪೆಪ್ಟೈಡನ್ನು ಕಿಣ್ವ ಬಹಳ ನಿಧಾನವಾಗಿ ಕತ್ತರಿಸುತ್ತೆ, ಆದ್ದರಿಂದ ಹಿಡಿದ ಸ್ಥಿತಿಯಲ್ಲೇ ನೋಡಲು ಸಾಧ್ಯವಾಯಿತು.

ಕಂಡದ್ದು ಏನು? ಪೆಪ್ಟೈಡಿನ ತುದಿಯ ಮಣಿ ಒಂದು ಜೇಬಿನೊಳಗೆ ಹೊಕ್ಕಿತ್ತು. ಅದರ ಬಾಲದಲ್ಲಿ ಋಣ ವಿದ್ಯುತ್ತು ಇರುತ್ತೆ, ಕಿಣ್ವದ ಒಂದು ಧನ ವಿದ್ಯುತ್ತಿನ ಮಣಿ ಅದನ್ನು ಹಿಡಿದುಕೊಂಡಿತ್ತು. ಕತ್ತರಿಸಬೇಕಾದ ಜಾಗದ ಪಕ್ಕದಲ್ಲೇ ಒಂದು ಸತುವಿನ ಪರಮಾಣು ಕೂತಿತ್ತು. ಫಿಶರ್ ಹೇಳಿದ್ದು ನಿಜ, ಆಕಾರಕ್ಕೆ ಆಕಾರ ಹೊಂದಿಕೊಂಡಿತ್ತು.

ಆದರೆ ಒಂದು ಹೊಸ ಸಂಗತಿಯೂ ಕಂಡಿತು. ಪೆಪ್ಟೈಡ್ ಒಳಗೆ ಬಂದ ಕೂಡಲೆ ಕಿಣ್ವದ 248ನೆಯ ಮಣಿಯ ತೋಳು ಜಾಗ ಬಿಟ್ಟು ಸುಮಾರು 12 ಆಂಗ್‌ಸ್ಟ್ರಾಮ್ ದೂರ ತಿರುಗಿ ಬಂದು ಬಾಗಿಲು ಮುಚ್ಚಿದ ಹಾಗೆ ನಿಂತಿತ್ತು. ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್. ನಮಗೆ ಏನೂ ಅಲ್ಲ, ಅಣುವಿಗೆ ಅದು ದೊಡ್ಡ ದೂರ. ಕಬ್ಬಿಣದ ಬೀಗ ಕೈ ಹಾಕಿದಾಗ ಮೈ ಬದಲಿಸಿಕೊಳ್ಳುವುದಿಲ್ಲ. ಈ ಬೀಗ ಬದಲಿಸಿಕೊಳ್ಳುತ್ತೆ. ಕಿಣ್ವವು ವಸ್ತು ಬಂದಾಗ ತನ್ನ ಆಕಾರ ಹೊಂದಿಸಿಕೊಳ್ಳುತ್ತೆ ಅಂತ ಕೋಶ್‌ಲ್ಯಾಂಡ್ ಎಂಬ ವಿಜ್ಞಾನಿ 1958ರಲ್ಲೇ ಹೇಳಿದ್ದರು. ಕೈ ತೂರಿಸಿದಾಗ ಚೀಲ ಕೈಯ ಆಕಾರಕ್ಕೆ ಬರುವಂತೆ ಅಂದುಕೊಳ್ಳಿ. ಹರಳು ಅದಕ್ಕೆ ಸಾಕ್ಷಿ ಹೇಳಿತು.

ಒಂದು ಬೀಗ, ಸಾವಿರ ಕೈ

1987ರಲ್ಲಿ ಮತ್ತೆ ಹಾರ್ವರ್ಡ್‌ನಲ್ಲೇ ಇನ್ನೊಂದು ಬೀಗ ಕಂಡಿತು. ಪಮೇಲಾ ಬ್ಯೋರ್ಕ್‌ಮನ್ ಎಂಬ ಮಹಿಳೆ, ಡಾನ್ ವೈಲಿ, ಜ್ಯಾಕ್ ಸ್ಟ್ರೋಮಿಂಜರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು ಎಚ್‌ಎಲ್‌ಎ-ಎ2 ಎಂಬ ಪ್ರೋಟೀನಿನ ನಕ್ಷೆ ಬರೆದರು. ಇದು ಕತ್ತರಿಸುವ ಪ್ರೋಟೀನಲ್ಲ, ಹಿಡಿದು ತೋರಿಸುವ ಪ್ರೋಟೀನು. ನಮ್ಮ ಜೀವಕೋಶಕ್ಕೆ ವೈರಸ್ಸು ಹೊಕ್ಕರೆ ಅದರ ಪ್ರೋಟೀನಿನ ಒಂದು ಚೂರನ್ನು ಇದು ಹಿಡಿದು ಕೋಶದ ಹೊರಮೈಗೆ ತಂದು ತೋರಿಸುತ್ತೆ. ರಕ್ತದ ಬಿಳಿ ಕಣಗಳು ಅದನ್ನು ನೋಡಿ, ಇಲ್ಲಿ ಕಳ್ಳ ಹೊಕ್ಕಿದ್ದಾನೆ ಅಂತ ತಿಳಿದು ಆ ಕೋಶವನ್ನು ನಾಶ ಮಾಡುತ್ತವೆ.

ನಕ್ಷೆಯಲ್ಲಿ ಕಂಡದ್ದು ಒಂದು ಕಾಲುವೆಯಂಥ ತೋಡು. ಕೆಳಗೆ ಚಪ್ಪಟೆ ನೆಲ, ಎರಡು ಕಡೆ ಬದು ಹಾಕಿದ ಹಾಗೆ ಸುರುಳಿಗಳು. ತೋಡಿನಲ್ಲಿ ಆ ಪ್ರೋಟೀನಿಗೆ ಸೇರದ ಏನೋ ಒಂದು ಬಿದ್ದಿತ್ತು. ಅದು ಪೆಪ್ಟೈಡುಗಳ ಗುರುತು. ಮುಂದಿನ ವರ್ಷಗಳಲ್ಲಿ ಇನ್ನೂ ಸ್ಪಷ್ಟವಾಯಿತು. ಈ ತೋಡಿಗೆ ಸಾಮಾನ್ಯವಾಗಿ 8ರಿಂದ 10 ಮಣಿಯ ಪೆಪ್ಟೈಡ್ ಹಿಡಿಸುತ್ತೆ. ಎರಡು ತುದಿಗಳನ್ನು ಬಿಗಿಯಾಗಿ ಹಿಡಿಯುತ್ತೆ. ಎರಡನೆಯ ಮಣಿ ಮತ್ತು ಕೊನೆಯ ಮಣಿ ಗೂಟದ ಹಾಗೆ ಜೇಬಿಗೆ ಇಳಿಯುತ್ತವೆ. ಎರಡನೆಯದು ಹೆಚ್ಚಾಗಿ ಲ್ಯೂಸಿನ್, ಫಿಶರ್ ತಮ್ಮ 18 ಮಣಿಯ ಸರಕ್ಕೆ ಹಾಕಿದ್ದ ಅದೇ ಲ್ಯೂಸಿನ್. ಮಧ್ಯದ ಮಣಿಗಳು ಬೇರೆ ಬೇರೆ ಇರಬಹುದು. ಆದ್ದರಿಂದಲೇ ಒಂದೇ ತೋಡು ಸಾವಿರಾರು ಬೇರೆ ಬೇರೆ ಚೂರುಗಳನ್ನು ಹಿಡಿಯಬಲ್ಲದು. ಫಿಶರ್ ಹೇಳಿದ್ದು ಒಂದು ಬೀಗಕ್ಕೆ ಒಂದು ಕೈ. ಇಲ್ಲಿ ಒಂದು ಬೀಗಕ್ಕೆ ಸಾವಿರ ಕೈ. ಹೋಲಿಕೆ ಸುಳ್ಳಾಗಲಿಲ್ಲ, ಬೆಳೆಯಿತು.

ಹುಡುಗಿಯರೇ, ಗಮನಿಸಿ. ಹೆಣ್ಣುಮಕ್ಕಳನ್ನು ಒಳಗೆ ಬಿಡದ ಫಿಶರ್ ಅವರ ಬೀಗವನ್ನು ಲೋಕಕ್ಕೆ ತೋರಿಸಿದವರಲ್ಲಿ ಡೊರೊಥಿ ಇದ್ದರು, ಪಮೇಲಾ ಇದ್ದರು. ಯಾರ ಕೂದಲಿಗೂ ಬೆಂಕಿ ತಗಲಲಿಲ್ಲ!

ಹಾವಿನ ವಿಷದಿಂದ ಮಾತ್ರೆ

ಇದರಿಂದ ನಮಗೇನು ಉಪಯೋಗ ಅಂತ ಕೇಳುವವರಿಗೆ ಒಂದು ಉದಾಹರಣೆ. ರಕ್ತದೊತ್ತಡ ಅಂದರೆ ಬಿ.ಪಿ. ಎಷ್ಟೋ ಜನ ಅಜ್ಜ ಅಜ್ಜಿಯರಿಗೆ ಇದೆ. ನಮ್ಮ ದೇಹದ ಒಂದು ಕಿಣ್ವ ಒಂದು ಪೆಪ್ಟೈಡಿನ ಬಾಲದಿಂದ ಎರಡು ಮಣಿ ಕತ್ತರಿಸಿದರೆ ರಕ್ತದೊತ್ತಡ ಏರುತ್ತೆ. ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ಜಾತಿಯ ವಿಷದಲ್ಲಿ ಆ ಕಿಣ್ವವನ್ನು ತಡೆಯುವ ಚಿಕ್ಕ ಪೆಪ್ಟೈಡುಗಳು ಸಿಕ್ಕಿದವು. ಅದರಲ್ಲಿ ಒಂದು 9 ಮಣಿಯದು, ಅದರ ಕೊನೆಯ ಮಣಿ ಪ್ರೋಲಿನ್. ಆದರೆ ಪೆಪ್ಟೈಡನ್ನು ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತೆ. ಸೂಜಿಮದ್ದೇ ಗತಿ.

ಅಮೆರಿಕದ ಔಷಧ ಸಂಸ್ಥೆಯೊಂದರಲ್ಲಿದ್ದ ಕುಶ್ಮನ್ ಮತ್ತು ಒಂಡೆಟ್ಟಿ ಒಂದು ಯೋಚನೆ ಮಾಡಿದರು. ಈ ಕಿಣ್ವದ ಹರಳು ಯಾರೂ ನೋಡಿಲ್ಲ. ಆದರೆ ಇದರಲ್ಲೂ ಸತು ಇದೆ, ಇದೂ ಬಾಲದಿಂದಲೇ ಕತ್ತರಿಸುತ್ತೆ. ಹಾಗಾದರೆ ಲಿಪ್ಸ್‌ಕೋಂಬ್ ಅವರು ನೋಡಿದ ಬೀಗದ ತರಹವೇ ಇರಬೇಕು. ಆ ನಕ್ಷೆಯನ್ನು ಮುಂದಿಟ್ಟುಕೊಂಡು, ಪ್ರೋಲಿನ್‌ಗೆ ಸತುವನ್ನು ಹಿಡಿಯುವ ಒಂದು ಗಂಧಕದ ಕೊಕ್ಕೆ ಸೇರಿಸಿ ಚಿಕ್ಕ ಅಣು ಮಾಡಿದರು. ಅದೇ ಕ್ಯಾಪ್ಟೋಪ್ರಿಲ್. 1981ರಲ್ಲಿ ಮಾತ್ರೆಯಾಗಿ ಬಂತು. ಬೀಗದಲ್ಲಿ ಮುರಿದ ಕೈ ಸಿಕ್ಕಿಕೊಂಡರೆ ಬೇರೆ ಕೈ ಹೋಗುವುದಿಲ್ಲವಲ್ಲ, ಇದರ ಕೆಲಸವೂ ಅಷ್ಟೇ. ಆಮೇಲೆ ಇದೇ ದಾರಿಯಲ್ಲಿ ಎನಾಲಪ್ರಿಲ್, ರಾಮಿಪ್ರಿಲ್ ಮೊದಲಾದವು ಬಂದವು. 2003ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ರವಿ ಆಚಾರ್ಯ ಅವರ ತಂಡ ಆ ಕಿಣ್ವದ ನಿಜವಾದ ಹರಳನ್ನು ನೋಡಿದಾಗ, ಆಳವಾದ ಜೇಬಿನೊಳಗೆ ಸತು ಕೂತಿತ್ತು.

1901ರಲ್ಲಿ ಹಾಲಿನಿಂದ ಪ್ರೋಲಿನ್ ತೆಗೆದ ಫಿಶರ್ ಅವರಿಗೆ ಅದು 80 ವರ್ಷದ ಮೇಲೆ ಬಿ.ಪಿ. ಮಾತ್ರೆಯಾಗುತ್ತೆ ಅಂತ ಕನಸಿನಲ್ಲೂ ಗೊತ್ತಿರಲಿಲ್ಲ.

ನಾವು ಕಲಿಯಬೇಕಾದದ್ದು

ಫಿಶರ್ ಎಲ್ಲದರಲ್ಲೂ ಸರಿ ಇರಲಿಲ್ಲ. ಪ್ರೋಟೀನಿನ ಅಣು ಬಹಳ ದೊಡ್ಡದಿರಲಾರದು, ಅಣುತೂಕ ಹೆಚ್ಚೆಂದರೆ 5000ದ ಸುಮಾರು ಅಂತ ನಂಬಿದ್ದರು. ಅದು ತಪ್ಪು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಅಣುತೂಕವೇ ಸುಮಾರು 64,000. ಆದರೆ ಅವರು ಒಂದು ಮಾತು ಹೇಳಿದರೆ ಅದನ್ನು ಪರೀಕ್ಷೆ ಮಾಡಬಹುದಿತ್ತು. ಮುಂದಿನವರು ಪರೀಕ್ಷೆ ಮಾಡಿದರು, ಸರಿ ಇದ್ದದ್ದನ್ನು ಉಳಿಸಿಕೊಂಡರು, ತಪ್ಪನ್ನು ತಿದ್ದಿದರು. ವಿಜ್ಞಾನ ಬೆಳೆಯೋದು ಹೀಗೇ.

ಗೆಳೆಯರೇ, ಇವತ್ತು ಮನೆಗೆ ಹೋಗಿ ಬೀಗ ತೆಗೆಯುವಾಗ ಒಂದು ಕ್ಷಣ ಕೈಯನ್ನು ನೋಡಿ. ಅದರ ಹಲ್ಲುಗಳನ್ನು ನೋಡಿ. ಅನ್ನ ಸಾರು ಉಂಡ ಮೇಲೆ ನಿಮ್ಮ ಹೊಟ್ಟೆಯಲ್ಲಿ ಅಂಥ ಕೋಟಿ ಕೋಟಿ ಬೀಗಗಳು ಕೆಲಸಕ್ಕೆ ಕೂರುತ್ತವೆ. ವ್ಯಾಪಾರಕ್ಕೆ ನಾಲಾಯಕ್ಕು ಅನ್ನಿಸಿಕೊಂಡ ಹುಡುಗನೊಬ್ಬ ಅವುಗಳನ್ನು ನೋಡದೆಯೇ ತಿಳಿದುಕೊಂಡಿದ್ದ.

ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ಪ್ರಾರ್ಥನೆ.